ಮ್ಯೂಟ್ ಬಟನ್ ಹಿಂದೆ ಕೂತ ಇಂಗ್ಲಿಷ್

ಕಾಲ್‌ನಲ್ಲಿ ಹನ್ನೊಂದು ಜನ ಇದ್ದೆವು. ಅಮೆರಿಕದ ಗ್ರಾಹಕರು ಕಳಿಸಿದ ಫೈಲಿನ ಲೆಕ್ಕ ಯಾಕೆ ತಾಳೆಯಾಗ್ತಿಲ್ಲ ಅಂತ ಚರ್ಚೆ ನಡೆದಿತ್ತು. ಕಾರಣ ನನಗೆ ಗೊತ್ತಿತ್ತು. ಅವರು ತಾರೀಖು ಬರೆಯುವಾಗ ತಿಂಗಳು ಮೊದಲು ಹಾಕ್ತಾರೆ, ನಮ್ಮ ಪ್ರೋಗ್ರಾಂ ದಿನ ಮೊದಲು ಅಂತ ಓದುತ್ತಿತ್ತು. ಅಷ್ಟೇ ವಿಷಯ. ಮ್ಯೂಟ್ ತೆಗೆದೆ. ‘ಹ್ಯಾಸ್ ಬೀನ್’ ಅನ್ನಬೇಕೋ ‘ಹ್ಯಾಡ್ ಬೀನ್’ ಅನ್ನಬೇಕೋ ಅಂತ ಯೋಚಿಸುವಷ್ಟರಲ್ಲಿ ಮಾತು ಬೇರೆ ಕಡೆ ಹೊರಳಿತು. ಮತ್ತೆ ಮ್ಯೂಟ್ ಒತ್ತಿದೆ.

ಎರಡು ದಿನ ಆದಮೇಲೆ ಅದೇ ಕಾರಣವನ್ನು ಇನ್ನೊಬ್ಬರು ಹೇಳಿದರು. ಎಲ್ಲರೂ ‘ಗ್ರೇಟ್ ಜಾಬ್’ ಅಂದರು. ಆ ವರ್ಷ ನನ್ನ ರೇಟಿಂಗ್ ಪಕ್ಕದಲ್ಲಿ ಒಂದು ಸಾಲು ಇತ್ತು: ಕೆಲಸ ಚೆನ್ನಾಗಿದೆ, ಸಂವಹನ ಸುಧಾರಿಸಬೇಕು. ಬಡ್ತಿ ಒಂದು ವರ್ಷ ಮುಂದಕ್ಕೆ ಹೋಯಿತು.

ನಾನು ಕುಷ್ಟಗಿ ತಾಲ್ಲೂಕಿನ ಹಳ್ಳಿಯವನು. ಕೊಪ್ಪಳ, ಗಂಗಾವತಿ, ಯಲಬುರ್ಗಾ ಕಡೆಯಿಂದ ಬೆಂಗಳೂರಿಗೆ ಬಂದ ಎಷ್ಟೋ ಗೆಳೆಯರದ್ದು ಇದೇ ಕಥೆ. ಬುದ್ಧಿ ಇದೆ, ಕೆಲಸ ಬರುತ್ತೆ, ಓದಿದರೆ ಅರ್ಥ ಆಗುತ್ತೆ. ಬಾಯಿ ಮಾತ್ರ ತೆರೆಯೋದಿಲ್ಲ. ಯಾಕೆ?

ಕಣ್ಣಿಗೆ ಬಂತು, ಬಾಯಿಗೆ ಬರಲಿಲ್ಲ

ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007-08ರಲ್ಲಿ. ಅದಕ್ಕೂ ಮೊದಲು ಶಾಲೆ ಸೇರಿದ ನಮಗೆ ಐದನೇ ತರಗತಿಯಲ್ಲಿ ಎಬಿಸಿಡಿ ಶುರು. ಆದರೆ ತಡವಾಗಿ ಶುರುವಾದದ್ದು ಅಷ್ಟು ದೊಡ್ಡ ತೊಂದರೆ ಅಲ್ಲ. ಮೇಷ್ಟ್ರು ಪಾಠ ಓದಿ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದರು, ನಾವು ಪ್ರಶ್ನೋತ್ತರ ಬಾಯಿಪಾಠ ಮಾಡುತ್ತಿದ್ದೆವು. ಎಸ್ಸೆಸ್ಸೆಲ್ಸಿ ಇಂಗ್ಲಿಷ್‌ನಲ್ಲಿ ಒಳ್ಳೆ ಅಂಕವೇ ಬಂತು. ಆದರೆ ಅಷ್ಟು ವರ್ಷಗಳಲ್ಲಿ ನಾನಾಗಿಯೇ ಕಟ್ಟಿದ ಒಂದು ಇಂಗ್ಲಿಷ್ ವಾಕ್ಯವನ್ನು ಜೋರಾಗಿ ಹೇಳಿದ ನೆನಪಿಲ್ಲ. ಈಜಿನ ಪುಸ್ತಕ ಓದಿ ಪಾಸಾದವನನ್ನು ತುಂಗಭದ್ರೆಗೆ ತಳ್ಳಿದ ಹಾಗಾಯಿತು.

ಹಾಗಂತ ಪರಭಾಷೆ ನಮ್ಮ ನೆಲಕ್ಕೆ ಹೊಸದೇನಲ್ಲ. ನಮ್ಮ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, ಕಚೇರಿ ಭಾಷೆ ಉರ್ದು. ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದ 1918ರಲ್ಲೇ ಆಗಿನ ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ ಸಿದ್ಧಯ್ಯ ಪುರಾಣಿಕರು ಹುಟ್ಟಿದರು. ಮುಂದೆ ಅದೇ ಉಸ್ಮಾನಿಯಾದಲ್ಲಿ ಓದಿದರು, ಐಎಎಸ್ ಅಧಿಕಾರಿಯಾದರು, ‘ಕಾವ್ಯಾನಂದ’ ಎಂಬ ಹೆಸರಿನಲ್ಲಿ ಕನ್ನಡ ಕವಿಯೂ ಆದರು. ಮನೆ ಭಾಷೆ ಒಂದು, ಕಚೇರಿ ಭಾಷೆ ಇನ್ನೊಂದು ಎಂಬ ಸ್ಥಿತಿಯನ್ನು ನಮ್ಮ ಹಿರಿಯರು ಆಗಲೇ ದಾಟಿದ್ದಾರೆ.

ಕ್ರಿಯಾಪದ ಕೊನೆಗೆ ಬರುವ ತೊಂದರೆ

ಕನ್ನಡದಲ್ಲಿ ಕಾರಣ ಮೊದಲು ಹೇಳಿ, ಮುಖ್ಯ ವಿಷಯ ಕೊನೆಗೆ ಹೇಳೋದು ರೂಢಿ. ‘ಅವರ ಫೈಲಿನಲ್ಲಿ ತಿಂಗಳು ಮುಂದೆ, ದಿನ ಹಿಂದೆ ಇರೋದ್ರಿಂದ ಲೆಕ್ಕ ತಪ್ಪಿದೆ.’ ಇದನ್ನು ಇದೇ ಕ್ರಮದಲ್ಲಿ ಇಂಗ್ಲಿಷ್‌ಗೆ ತರಲು ಹೋದರೆ ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುತ್ತೇವೆ. ಇಂಗ್ಲಿಷ್‌ನಲ್ಲಿ ವಿಷಯ ಮೊದಲು ಇಟ್ಟರೆ ಸಲೀಸು: ‘ದ ಟೋಟಲ್ ಈಸ್ ರಾಂಗ್.’ ಅಲ್ಲಿಗೆ ಒಂದು ವಾಕ್ಯ ಮುಗೀತು. ಆಮೇಲೆ ಉಸಿರು ತಗೊಂಡು ‘ಬಿಕಾಸ್ ದ ಡೇಟ್ಸ್ ಆರ್ ರಿವರ್ಸ್ಡ್’ ಅಂದರಾಯಿತು. ಚಿಕ್ಕ ವಾಕ್ಯ ಹೇಳೋದು ಅವಮಾನ ಅಲ್ಲ.

ಕೆಲವು ಮಾತುಗಳನ್ನು ನಾವು ಕನ್ನಡದಿಂದ ಎತ್ತಿ ಹಾಗೇ ಇಡುತ್ತೇವೆ. ‘ಇವತ್ತೇ’ ಅನ್ನೋದು ‘ಟುಡೇ ಓನ್ಲಿ’ ಆಗುತ್ತೆ, ‘ಹೋಗಿ ಬರ್ತೀನಿ’ ಅನ್ನೋದು ‘ಗೋ ಅಂಡ್ ಕಮ್’ ಆಗುತ್ತೆ. ನಮ್ಮವರ ನಡುವೆ ನಡೆಯುತ್ತೆ, ಹೊರಗಿನವರಿಗೆ ಗೊಂದಲ. ಇದಕ್ಕಿಂತ ಹುಷಾರಾಗಿರಬೇಕಾದ ಪದ ‘ಡೌಟ್’. ನಾವು ‘ಐ ಹ್ಯಾವ್ ಎ ಡೌಟ್’ ಅಂದರೆ ಏನೋ ಕೇಳೋದಿದೆ ಅಂತ ಅರ್ಥ. ವಿದೇಶಿ ಗ್ರಾಹಕರಿಗೆ ಅವರ ಮಾತಿನ ಮೇಲೆ ನಮಗೆ ನಂಬಿಕೆ ಇಲ್ಲ ಅಂತ ಕೇಳಿಸಬಹುದು. ‘ಕ್ವಶ್ಚನ್’ ಅನ್ನಿ, ಮುಗೀತು.

ಉಚ್ಚಾರದ ಚಿಂತೆ ಅರ್ಧಕ್ಕರ್ಧ ಬಿಡಿ. ‘ಎಗ್ಗು’ ‘ಯೆಗ್ಗು’ ಆದರೆ, ‘ಆಫೀಸು’ ‘ಆಪೀಸು’ ಆದರೆ ಯಾರಿಗೂ ಅರ್ಥ ಆಗದೇ ಇರೋದಿಲ್ಲ. ವೇಗ ಕಡಿಮೆ ಮಾಡಿ, ಪದದ ಕೊನೆ ನುಂಗದೆ ಹೇಳಿದರೆ ಸಾಕು.

ಎರಡೂ ಕಡೆಯ ನಗು

ಎಲ್ಲಕ್ಕಿಂತ ದೊಡ್ಡ ಅಡ್ಡಿ ನಾಚಿಕೆ. ಅದು ಒಳಗಿಂದ ಹುಟ್ಟಿದ್ದಲ್ಲ, ಹೊರಗಿನವರು ಕೊಟ್ಟದ್ದು. ಬೆಂಗಳೂರಿನ ಮೀಟಿಂಗ್‌ನಲ್ಲಿ ತಪ್ಪಾದರೆ ಯಾರೋ ತುಟಿಯಂಚಲ್ಲಿ ನಗುತ್ತಾರೆ. ಊರಿಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಎರಡು ಇಂಗ್ಲಿಷ್ ಮಾತು ಆಡಿದರೆ ಗೆಳೆಯರೇ ಕೇಳುತ್ತಾರೆ: ‘ಏನಲೇ, ಭಾಳ ದೊಡ್ಡ ಸಾಹೇಬ ಆಗಿಬಿಟ್ಟೀ?’ ಅಲ್ಲಿ ಕಡಿಮೆ ಬಂತು ಅಂತ ನಗು, ಇಲ್ಲಿ ಜಾಸ್ತಿ ಆಯ್ತು ಅಂತ ನಗು. ಹಾಗಾದರೆ ತಪ್ಪು ಮಾಡಿ ಕಲಿಯೋದು ಎಲ್ಲಿ?

ಉತ್ತರ ಸಿಕ್ಕಿದ್ದು ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ. ದೀಪಾವಳಿ ರಜೆಗೆ ಮನೆಯವರ ಜತೆ ಅಂಜನಾದ್ರಿಗೆ ಹೋಗಿದ್ದೆ. ಆಟೋದವರೊಬ್ಬರು ವಿದೇಶಿ ದಂಪತಿಗೆ ಹೇಳ್ತಿದ್ದರು: ‘ಮಂಕಿ ಟೆಂಪಲ್? ಫೈವ್ ಸೆವೆಂಟಿ ಫೈವ್ ಸ್ಟೆಪ್ಸ್. ಮಾರ್ನಿಂಗ್ ಗುಡ್, ಆಫ್ಟರ್‌ನೂನ್ ವೆರಿ ಹಾಟ್. ಯೂ ಗೋ, ಐ ವೇಟ್.’ ಒಂದೂ ವಾಕ್ಯ ವ್ಯಾಕರಣಕ್ಕೆ ಸರಿಯಿಲ್ಲ. ಆದರೆ ಬಂದವರಿಗೆ ಪೂರ್ತಿ ಅರ್ಥವಾಯಿತು, ಬಾಡಿಗೆಯೂ ಕುದುರಿತು. ‘ಎಲ್ಲಿ ಕಲಿತ್ರಿ?’ ಅಂದೆ. ‘ಕಲೀಲಿಲ್ರೀ, ಮಾತಾಡಿದೆ’ ಅಂದರು.

ಈ ಇಂಗ್ಲಿಷ್‌ನಲ್ಲಿ ನಾವು ಈಮೇಲ್ ಬರೆಯೋಕಾಗಲ್ಲ, ನಿಜ. ನಮಗೆ ವ್ಯಾಕರಣವೂ ಬೇಕು. ಆದರೆ ಮಾತು ಮೊದಲು, ತಿದ್ದೋದು ಆಮೇಲೆ. ಗಂಗಾವತಿ ಸಂತೆಯಲ್ಲಿ, ರೈಸ್‌ಮಿಲ್ಲಿನಲ್ಲಿ, ಆಂಧ್ರದವರು ನೆಲೆಸಿದ ಕ್ಯಾಂಪುಗಳಲ್ಲಿ ನಮ್ಮ ಜನ ತೆಲುಗು, ಹಿಂದಿ ಕಲಿತದ್ದೂ ಹೀಗೇ ಅಲ್ವಾ? ತಪ್ಪು ತೆಲುಗು ಆಡಿದರೆ ನಾಚಿಕೊಳ್ಳದ ನಾವು ಇಂಗ್ಲಿಷ್‌ಗೆ ಮಾತ್ರ ಯಾಕೆ ಹೆದರಬೇಕು?

ರಾತ್ರಿಯ ಹತ್ತು ನಿಮಿಷ

ಯಲಬುರ್ಗಾದಲ್ಲಿ ಓದುತ್ತಿದ್ದ ತಂಗಿಗೆ ಇದನ್ನೆಲ್ಲ ಹೇಳಿದೆ. ಅವಳೇ ಒಂದು ಕರಾರು ಹಾಕಿದಳು: ‘ಅಣ್ಣಾ, ದಿನಾ ರಾತ್ರಿ ಹತ್ತು ನಿಮಿಷ ಇಂಗ್ಲಿಷ್‌ನಾಗ ಅಷ್ಟ ಮಾತಾಡೂಣು. ತಪ್ಪಾದ್ರ ನಾ ನಗೂದಿಲ್ಲ, ನೀನೂ ನಗಬ್ಯಾಡ. ಆದ್ರ ನಡುವ ನಿಲ್ಲಸೂ ಹಂಗಿಲ್ಲ.’

ಮೊದಲ ವಾರ ‘ವಾಟ್ ಡಿಡ್ ಯೂ ಈಟ್’ ಬಿಟ್ಟು ಮುಂದೆ ಹೋಗಲಿಲ್ಲ. ಆಮೇಲೆ ಅವ್ವನ ಮೊಣಕಾಲು ನೋವು, ಹೊಲದಲ್ಲಿ ಕೊರೆಸಿದ ಬೋರು, ನನ್ನ ಮ್ಯಾನೇಜರ್, ಎಲ್ಲಾ ಬಂತು. ಮರುದಿನದ ಮೀಟಿಂಗ್‌ನಲ್ಲಿ ಹೇಳಬೇಕಾದ ಮೂರು ವಾಕ್ಯಗಳನ್ನು ಅವಳ ಮುಂದೆ ಜೋರಾಗಿ ಹೇಳುವ ಅಭ್ಯಾಸ ಮಾಡಿಕೊಂಡೆ. ಕೊನೆಯ ಎರಡು ನಿಮಿಷ ಮಾತ್ರ ತಪ್ಪು ತಿದ್ದಿಕೊಳ್ಳೋದು, ಅದೂ ದಿನಕ್ಕೆ ಒಂದೇ ತಪ್ಪು.

ನಾಲ್ಕು ತಿಂಗಳಾದ ಮೇಲೆ ಒಂದು ಕಾಲ್‌ನಲ್ಲಿ ಮತ್ತೆ ಲೆಕ್ಕ ತಪ್ಪಿತ್ತು. ಮ್ಯೂಟ್ ತೆಗೆದು, ‘ಐ ನೋ ದ ರೀಸನ್. ಗಿವ್ ಮಿ ಒನ್ ಮಿನಿಟ್’ ಅಂದೆ. ಆಮೇಲೆ ಹೇಳಿದ್ದರಲ್ಲಿ ಎಷ್ಟು ತಪ್ಪಿತ್ತೋ ಗೊತ್ತಿಲ್ಲ. ಯಾರೂ ಎಣಿಸಲಿಲ್ಲ. ಆ ಸಂಜೆಯೇ ಫೈಲ್ ಸರಿಯಾಯಿತು.

ರಾತ್ರಿ ತಂಗಿಗೆ ಹೇಳಿದೆ. ಅವಳು ಅಂದದ್ದು ಇಷ್ಟೇ: ‘ಟೆಲ್ ಇಟ್ ಇನ್ ಇಂಗ್ಲಿಷ್, ಅಣ್ಣಾ.’

ನಿಮ್ಮ ಮನೆಯಲ್ಲೂ ನಗದೆ ಕೇಳುವ ಒಬ್ಬರು ಇದ್ದೇ ಇರುತ್ತಾರೆ. ಇವತ್ತು ರಾತ್ರಿ ಅವರಿಗೆ ಫೋನ್ ಹಚ್ಚಿ ನೋಡಿ. ಹೇಗಾಯಿತು ಅಂತ ಓದುಗರ ಅಂಕಣಕ್ಕೆ ಬರೆಯೋದು ಮರೀಬೇಡಿ.