ಆಟ ಬಿಡುವುದು ಸೋಮಾರಿತನವೇ?

ಅಮೆರಿಕದಲ್ಲಿ ಎನ್‌ಸಿಎಎ ಸಂಸ್ಥೆಯ ಆಶ್ರಯದಲ್ಲಿ ಓದಿನ ಜೊತೆಗೆ ಕಾಲೇಜು ತಂಡಗಳಲ್ಲಿ ಆಡುವ ವಿದ್ಯಾರ್ಥಿಗಳ ಸಂಖ್ಯೆ 5 ಲಕ್ಷಕ್ಕೂ ಹೆಚ್ಚು. ಇವರಲ್ಲಿ ವೃತ್ತಿಪರ ಆಟಗಾರರಾಗುವವರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಉಳಿದವರಲ್ಲಿ ಕೆಲವರು ಓದು ಮುಗಿಯುವ ಮೊದಲೇ ಆಟ ಬಿಡುತ್ತಾರೆ. ಗಾಯವಾದರೆ ಕಾರಣ ಎಲ್ಲರಿಗೂ ಕಾಣುತ್ತದೆ. ಮನಸ್ಸು ಬಳಲಿದರೆ?

2022ರ ಮಾರ್ಚ್‌ನಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರ ಹ್ಯಾರಿ ಮಿಲ್ಲರ್ ಆಟಕ್ಕೆ ವಿದಾಯ ಹೇಳಿದರು. ಆತ್ಮಹತ್ಯೆಯ ಯೋಚನೆ ತಮ್ಮನ್ನು ಕಾಡಿತ್ತೆಂದೂ ಅದನ್ನು ತರಬೇತುದಾರರಿಗೆ ತಿಳಿಸಿದಾಗ ನೆರವು ದೊರೆಯಿತೆಂದೂ ಅವರು ಬಹಿರಂಗವಾಗಿ ಬರೆದರು.

ಆಟ ಬಿಡುವುದರ ಹಿಂದೆ ಹಲವು ಬಾರಿ ಇರುವುದು ‘ಬರ್ನ್‌ಔಟ್’, ಅಂದರೆ ದೀರ್ಘಕಾಲದ ಒತ್ತಡದಿಂದ ಬರುವ ತೀವ್ರ ಬಳಲಿಕೆ. ಇದನ್ನು ಅಳೆಯಲು ರೇಡೆಕ್ ಮತ್ತು ಸ್ಮಿತ್ 2001ರಲ್ಲಿ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಅದು ಗಮನಿಸುವ ಲಕ್ಷಣಗಳು ಮೂರು: ದೇಹ ಮತ್ತು ಮನಸ್ಸುಗಳ ದಣಿವು, ಏನನ್ನೂ ಸಾಧಿಸುತ್ತಿಲ್ಲವೆಂಬ ಭಾವನೆ, ಒಮ್ಮೆ ಪ್ರಿಯವಾಗಿದ್ದ ಆಟದ ಬಗೆಗೇ ನಿರಾಸಕ್ತಿ.

ಹಾಗಾದರೆ ಹೆಚ್ಚು ಅಭ್ಯಾಸವೇ ಇದಕ್ಕೆ ಕಾರಣವೇ? ಅದೊಂದೇ ಅಲ್ಲ. ಎನ್‌ಸಿಎಎ 1991ರಿಂದ ಆಟದ ಋತುವಿನಲ್ಲಿ ಕಡ್ಡಾಯ ಅಭ್ಯಾಸಕ್ಕೆ ವಾರಕ್ಕೆ 20 ಗಂಟೆಗಳ ಮಿತಿ ಹಾಕಿದೆ. ಆದರೆ ಪ್ರಯಾಣದಂಥ ಸಮಯ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದಕ್ಕಿಂತ ಮುಖ್ಯವಾದ ಅಂಶವೊಂದಿದೆ. ರೇಡೆಕ್ 1997ರಲ್ಲಿ ಎಳೆಯ ಈಜುಗಾರರನ್ನು ಅಧ್ಯಯನ ಮಾಡಿದಾಗ, ಇಷ್ಟಪಟ್ಟು ಈಜುವವರಿಗಿಂತ ‘ಸಿಕ್ಕಿಹಾಕಿಕೊಂಡಿದ್ದೇವೆ’ ಎಂಬ ಭಾವನೆಯವರಲ್ಲಿ ಬಳಲಿಕೆ ಹೆಚ್ಚಾಗಿತ್ತು. ವಿದ್ಯಾರ್ಥಿವೇತನ, ಮನೆಯವರ ನಿರೀಕ್ಷೆ, ‘ನಾನೆಂದರೆ ಆಟಗಾರ ಮಾತ್ರ’ ಎಂಬ ಗುರುತು ಇವೆಲ್ಲ ಸೇರಿ ಹೊರಬರುವ ಬಾಗಿಲನ್ನು ಮುಚ್ಚುತ್ತವೆ. ಬಿಟ್ಟರೆ ತಾನು ಯಾರೆಂಬುದೇ ಅಳಿದುಹೋಗುವ ಭಯ ಅವರದು.

ಬರ್ನ್‌ಔಟ್ ಮತ್ತು ಖಿನ್ನತೆ ಒಂದೇ ಅಲ್ಲ. ಆಟದಿಂದ ದೂರವಾದರೆ ಬರ್ನ್‌ಔಟ್ ತಗ್ಗಬಹುದು. ಖಿನ್ನತೆ ಬದುಕಿನ ಎಲ್ಲ ಭಾಗಗಳನ್ನೂ ಆವರಿಸುತ್ತದೆ. ಅದಕ್ಕೆ ಚಿಕಿತ್ಸೆ ಬೇಕು. ಎರಡೂ ಒಟ್ಟಿಗೆ ಇರಬಹುದಾದ್ದರಿಂದ ಊಹಿಸುವ ಬದಲು ತಜ್ಞರಿಗೆ ತೋರಿಸುವುದು ಕ್ಷೇಮ.

ಶಿಕ್ಷಕರು ಗಮನಿಸಬೇಕಾದದ್ದು ಇಲ್ಲಿದೆ. ಚುರುಕಾಗಿದ್ದ ವಿದ್ಯಾರ್ಥಿ ಅಭ್ಯಾಸ ತಪ್ಪಿಸತೊಡಗಿದರೆ, ನಿದ್ರೆಗೆಟ್ಟರೆ, ಗೆಳೆಯರಿಂದ ದೂರ ಸರಿದರೆ ‘ಮನಸ್ಸು ಗಟ್ಟಿ ಮಾಡಿಕೋ’ ಎಂದು ಗದರಬೇಡಿ. ‘ಹೇಗಿದ್ದೀಯ?’ ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರನ್ನು ಕಾಣಿಸಿ. ಭಾರತದಲ್ಲಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕರೆ ಉಚಿತ. ಆಟವನ್ನು ಮುಂದುವರಿಸುವುದೋ ಬಿಡುವುದೋ ಎಂಬ ನಿರ್ಧಾರ ಆಮೇಲಿನದು. ಮೊದಲು ಉಳಿಯಬೇಕಾದದ್ದು ಆಟಗಾರ.