ವೃದ್ಧಾಪ್ಯದಲ್ಲಿ ಪಾದಸಂರಕ್ಷಣೆ

ಮನುಷ್ಯನು ತನ್ನ ಮುಖವನ್ನು ದಿನಕ್ಕೆ ಹಲವು ಸಲ ಕನ್ನಡಿಯಲ್ಲಿ ನೋಡಿಕೊಳ್ಳುವನು. ಕೂದಲು ನರೆತರೆ ಮರುಗುವನು. ಹಲ್ಲು ಅಲುಗಿದರೆ ವೈದ್ಯನ ಬಳಿಗೆ ಓಡುವನು. ಆದರೆ ಶರೀರದ ಸಮಸ್ತ ಭಾರವನ್ನೂ ಹೊತ್ತು ನಡೆಯುವ ಪಾದಗಳನ್ನು ಅವನು ನೋಡುವುದು ಮುಳ್ಳು ಚುಚ್ಚಿದ ದಿನ ಮಾತ್ರ. ಹಿರಿಯರ ಪಾದಕ್ಕೆ ನಮಸ್ಕರಿಸುವ ಸಂಪ್ರದಾಯವುಳ್ಳ ನಮ್ಮ ಮನೆಗಳಲ್ಲಿಯೂ ಆ ಪಾದಗಳ ಸ್ಥಿತಿ ಹೇಗಿದೆಯೆಂದು ಬಗ್ಗಿ ನೋಡುವವರು ವಿರಳ. ಮುಪ್ಪಿನಲ್ಲಿ ಪಾದಕ್ಕೆ ಬರುವ ಕೇಡುಗಳಲ್ಲಿ ಬಹುಭಾಗವು ಸಣ್ಣದಾಗಿ ತೊಡಗಿ, ಯಾರೂ ನೋಡದ ಕಾರಣದಿಂದಲೇ ದೊಡ್ಡದಾಗತಕ್ಕವು. ಈ ಸಂಗತಿಯನ್ನು ವಾಚಕರ ಮುಂದಿಡುವುದೇ ನಮ್ಮ ಉದ್ದೇಶ.

ಬೆಂಗಳೂರಿನ ಹೊರವಲಯದಲ್ಲಿ ವಾಸಿಸುವವರಿಗೆ ಈ ವಿಷಯವು ವಿಶೇಷವಾಗಿ ಸಂಬಂಧಿಸಿದುದು. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿಕೊಂಡಿರಲೆಂದು ಏರ್ಪಟ್ಟ ಹಳ್ಳಿ. ಪೀಣ್ಯದ ಕೈಗಾರಿಕಾ ಪ್ರದೇಶವೂ ಎಲೆಕ್ಟ್ರಾನಿಕ್ ಸಿಟಿಯೂ 1970ರ ದಶಕದಲ್ಲಿ ರೂಪುಗೊಂಡವು. ಹಿಂದೆ ಕಾಲಿಗೆ ಮೆತ್ತನೆಯ ಮಣ್ಣು ಸೋಕುತ್ತಿದ್ದ ಈ ಎಡೆಗಳಲ್ಲಿ ಈಗ ಕಾರ್ಖಾನೆಯೊಳಗೆ ಕಾಂಕ್ರೀಟು, ಮನೆಯೊಳಗೆ ಗ್ರಾನೈಟು ಮತ್ತು ಟೈಲ್ಸು. ಪೀಣ್ಯದಲ್ಲಿ ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು ನಿವೃತ್ತರಾದವರುಂಟು. ಸಿದ್ಧ ಉಡುಪುಗಳ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಇಸ್ತ್ರಿ ಹಾಕಿದ ತಾಯಂದಿರುಂಟು. ಅರುವತ್ತು ದಾಟಿದ ಮೇಲೂ ದೊಡ್ಡ ಕಟ್ಟಡಗಳ ಬಾಗಿಲಲ್ಲಿ ಹನ್ನೆರಡು ಗಂಟೆಯ ಕಾವಲು ನಿಲ್ಲುವವರುಂಟು. ಮಗನ ಅಥವಾ ಮಗಳ ನೌಕರಿಯ ನಿಮಿತ್ತ ಹಾಸನ, ಮಂಡ್ಯ, ತುಮಕೂರುಗಳಿಂದ ಬಂದು, ಹತ್ತನೆಯ ಅಂತಸ್ತಿನಲ್ಲಿ ಮೊಮ್ಮಕ್ಕಳನ್ನು ಆಡಿಸಿಕೊಂಡಿರುವ ಅಜ್ಜ ಅಜ್ಜಿಯರಂತೂ ಅಸಂಖ್ಯಾತರು. ಇವರೆಲ್ಲರ ಪಾದಗಳೂ ಗಟ್ಟಿ ನೆಲದ ಪೆಟ್ಟನ್ನು ತಿಂದವು, ಈಗಲೂ ತಿನ್ನುತ್ತಿರತಕ್ಕವು.

ಒಂದೊಂದು ಪಾದದಲ್ಲಿಯೂ 26 ಮೂಳೆಗಳಿವೆ, 33 ಸಂಧಿಗಳಿವೆ. ಇವುಗಳನ್ನು ಬಿಗಿದಿರುವ ಸ್ನಾಯುಬಂಧಗಳು ವಯಸ್ಸಾದಂತೆ ಸಡಿಲವಾಗುವುದರಿಂದ ಪಾದವು ಅಗಲವಾಗಿ ಚಪ್ಪಟೆಯಾಗುವುದು. ಇಪ್ಪತ್ತನೆಯ ವಯಸ್ಸಿನ ಅಳತೆಯ ಜೋಡು ಅರುವತ್ತರಲ್ಲಿ ಹಿಡಿಯದಿರುವುದು ಇದರಿಂದಲೇ. ಹಿಮ್ಮಡಿಯ ಕೆಳಗೂ ಬೆರಳುಗಳ ಬುಡದಲ್ಲಿಯೂ ದಿಂಬಿನಂತಿರುವ ಕೊಬ್ಬು ತೆಳ್ಳಗಾಗುವುದು, ಚರ್ಮವು ಒಣಗುವುದು, ಉಗುರು ದಪ್ಪವಾಗಿ ಒರಟಾಗುವುದು. ಇವು ರೋಗಗಳಲ್ಲ, ಕಾಲಧರ್ಮ. ಆದರೆ ಈ ಕಾಲಧರ್ಮವನ್ನು ಅರಿತು ನಡೆಯದಿದ್ದರೆ ರೋಗಕ್ಕೆ ದಾರಿ ತೆರೆದಂತಾಗುವುದು.

ಸಾಮಾನ್ಯವಾಗಿ ಕಾಣುವ ತೊಂದರೆಗಳು ನಮ್ಮ ಹಿಂದಿನವರಿಗೆ ಅಪರಿಚಿತವಾಗಿರಲಿಲ್ಲ. ಸುಶ್ರುತಸಂಹಿತೆಯಲ್ಲಿ ಒಡೆದ ಹಿಮ್ಮಡಿಗೆ ಪಾದದಾರಿಯೆಂದೂ, ಆಣಿಗೆ ಕದರವೆಂದೂ, ಒದ್ದೆಯಿಂದ ಬೆರಳ ಸಂದುಗಳಲ್ಲಾಗುವ ಕೆಸರುಹುಣ್ಣಿಗೆ ಅಲಸವೆಂದೂ ಹೆಸರುಗಳಿವೆ. ಬೆಳಗ್ಗೆ ಹಾಸಿಗೆಯಿಂದೆದ್ದು ಮೊದಲ ಹೆಜ್ಜೆ ಊರಿದಾಗ ಹಿಮ್ಮಡಿಯಲ್ಲಿ ಮೊಳೆ ಹೊಡೆದಂತೆ ನೋಯುವುದು ಇನ್ನೊಂದು. ಅಂಗಾಲಿನ ದಪ್ಪ ಪಟ್ಟಿಯು ಹಿಮ್ಮಡಿಯ ಮೂಳೆಗೆ ಸೇರುವೆಡೆಯಲ್ಲಿ ನೊಂದಿರುವುದೇ ಸಾಮಾನ್ಯವಾಗಿ ಇದರ ಕಾರಣ. ಗೋಡೆಗೆ ಕೈಯೂರಿ, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿಯನ್ನು ನೆಲದಿಂದ ಎತ್ತದೆ ಮೀನಖಂಡವನ್ನು ಮೆಲ್ಲನೆ ಎಳೆಯುವ ವ್ಯಾಯಾಮವನ್ನು ದಿನಕ್ಕೆ ಎರಡು ಮೂರು ಸಲ ಮಾಡುವುದರಿಂದಲೂ, ಹಿಮ್ಮಡಿಗೆ ಮೆತ್ತೆಯುಳ್ಳ ಪಾದರಕ್ಷೆಯಿಂದಲೂ ಬಹುಮಂದಿಗೆ ಕೆಲವು ತಿಂಗಳುಗಳಲ್ಲಿ ಗುಣ ಕಾಣುವುದು. ಹೆಬ್ಬೆರಳಿನ ಬುಡದಲ್ಲಿ ಗಂಟು ಬೆಳೆದು ಬೆರಳು ಪಕ್ಕಕ್ಕೆ ವಾಲುವುದೂ ಉಂಟು. ಮುಂದುಗಡೆ ಚೂಪಾದ ಜೋಡು ಇದಕ್ಕೆ ಶತ್ರು.

ನಿಂತು ದುಡಿಯುವವರ ವಿಷಯದಲ್ಲಿ ಒಂದು ಮಾತು. ನಿಂತೇ ಕೆಲಸಮಾಡಬೇಕಾದ ಕಾರ್ಮಿಕರಿಗೆ ಬಿಡುವು ದೊರೆತಾಗ ಕುಳಿತುಕೊಳ್ಳಲು ತಕ್ಕ ಏರ್ಪಾಡಿರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ 44ನೆಯ ಪ್ರಕರಣವು ವಿಧಿಸಿತ್ತು. ಅದರ ಸ್ಥಾನಕ್ಕೆ ಬಂದಿರುವ, ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯಗಳನ್ನು ಕುರಿತ 2020ರ ಸಂಹಿತೆಯಲ್ಲಿಯೂ ಆ ಮಾತು ಉಳಿದಿದೆ. ಆದುದರಿಂದ ಒಂದು ಸ್ಟೂಲನ್ನು ಕೇಳುವುದು ಸೋಮಾರಿತನವಲ್ಲ. ನಿಲ್ಲುವ ಎಡೆಯಲ್ಲಿ ದಪ್ಪನೆಯ ರಬ್ಬರು ಚಾಪೆ ಹಾಸಿಕೊಳ್ಳುವುದು, ಆಗಾಗ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸುವುದು, ಮನೆಗೆ ಬಂದೊಡನೆ ಬೂಟನ್ನು ಕಳಚಿ ಗಾಳಿಗಿಡುವುದು, ಬೆವೆತ ಕಾಲುಚೀಲವನ್ನು ಮರುದಿನ ಒಗೆಯದೆ ಧರಿಸದಿರುವುದು, ಇವು ದುಡ್ಡು ಬೇಡದ ಉಪಾಯಗಳು.

ಇದುವರೆಗೆ ಹೇಳಿದವೆಲ್ಲ ನೋವು ಕೊಡುವ ತೊಂದರೆಗಳು. ನೋಯುವ ಕಾಲು ತನ್ನ ದೂರನ್ನು ತಾನೇ ಹೇಳಿಕೊಳ್ಳುವುದು. ಅದಕ್ಕಿಂತ ಹೆದರಬೇಕಾದುದು ನೋಯದ ಕಾಲಿಗೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಈ ಕಾಯಿಲೆಯು ಬಹುಕಾಲ ಹತೋಟಿಗೆ ಬಾರದಿದ್ದರೆ ಪಾದದ ನರಗಳು ಮೊದಲು ಜುಮ್ಮೆನ್ನುವುವು, ಉರಿಯುವುವು, ಕಡೆಗೆ ಸ್ಪರ್ಶವನ್ನೇ ಮರೆಯುವುವು. ಜೊತೆಗೆ ರಕ್ತನಾಳಗಳೂ ಕಿರಿದಾಗುವುದುಂಟು. ಬೀಡಿ ಸಿಗರೇಟು ಸೇದುವವರಲ್ಲಿ ಇದು ಇನ್ನೂ ಬೇಗ. ಅಂಥವರ ಅಂಗಾಲಿಗೆ ಗಾಜಿನ ಚೂರು ಹೊಕ್ಕರೂ ತಿಳಿಯದು. ಜೋಡಿನೊಳಗೆ ಬಿದ್ದ ಹರಳಿನ ಮೇಲೆ ದಿನವೆಲ್ಲ ನಡೆದರೂ ತಿಳಿಯದು. ಗಾಯವು ಕೀವಾಗಿ, ಕೀವು ಮೂಳೆಗಿಳಿದು, ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾದ ದಿನ ಬಂದಾಗಲೇ ಮನೆಯವರಿಗೆ ಅರಿವಾಗುವುದು.

ನೋವಿನ ಈ ಬೆಲೆಯನ್ನು ಲೋಕಕ್ಕೆ ಸ್ಪಷ್ಟವಾಗಿ ತೋರಿಸಿಕೊಟ್ಟವರಲ್ಲಿ ನಮ್ಮ ನೆರೆಯ ವೆಲ್ಲೂರಿನ ಡಾಕ್ಟರ್ ಪಾಲ್ ಬ್ರಾಂಡ್ ಪ್ರಮುಖರು. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಅವರು ಕುಷ್ಠರೋಗಿಗಳ ಕೈಕಾಲುಗಳನ್ನು ವರ್ಷಾನುಗಟ್ಟಲೆ ಪರೀಕ್ಷಿಸಿದರು. ಆ ರೋಗದಲ್ಲಿ ಬೆರಳುಗಳು ತಾವಾಗಿ ಕೊಳೆತು ಉದುರುವುವೆಂದು ಜನ ನಂಬಿದ್ದರು. ಸ್ಪರ್ಶಜ್ಞಾನವಿಲ್ಲದ ಅಂಗಕ್ಕೆ ದಿನದಿನವೂ ಆಗುವ ಗಾಯಗಳನ್ನು ಯಾರೂ ಗಮನಿಸದಿರುವುದೇ ಆ ಹಾನಿಗೆ ಕಾರಣವೆಂದು ಅವರು ತೋರಿಸಿದರು. ವೆಲ್ಲೂರು ಮತ್ತು ಸಮೀಪದ ಕರಿಗಿರಿಗಳಲ್ಲಿ ಕುಷ್ಠರೋಗಿಗಳಿಗಾಗಿ ಬಳಕೆಗೆ ಬಂದ ಮೆತ್ತನೆಯ ರಬ್ಬರಿನ ಅಟ್ಟೆಯುಳ್ಳ ಚಪ್ಪಲಿಗಳು, ಅಂದರೆ ಎಂ.ಸಿ.ಆರ್. ಚಪ್ಪಲಿಗಳು, ಮುಂದೆ ಸಕ್ಕರೆ ಕಾಯಿಲೆಯವರಿಗೂ ಉಪಕಾರವಾದವು.

ಪಾದದಲ್ಲಿ ಸ್ಪರ್ಶವುಳಿದಿದೆಯೆ ಎಂದು ಮನೆಯಲ್ಲಿಯೇ ತಿಳಿಯುವ ಒಂದು ಸುಲಭ ಪರೀಕ್ಷೆಯನ್ನು ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ವೈದ್ಯರು 2011ರಲ್ಲಿ ಪ್ರಕಟಿಸಿದರು. ಹಿರಿಯರನ್ನು ಮಲಗಿಸಿ ಕಣ್ಣು ಮುಚ್ಚಿಕೊಳ್ಳಲು ಹೇಳಬೇಕು. ಎರಡು ಪಾದಗಳಲ್ಲಿಯೂ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೊಂದಾಗಿ, ನಮ್ಮ ತೋರುಬೆರಳಿನ ತುದಿಯಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು, ಉಜ್ಜಬಾರದು. ಮುಟ್ಟಿದುದು ತಿಳಿದೊಡನೆ ಅವರು ಎಡ ಅಥವಾ ಬಲ ಎನ್ನಬೇಕು. ಆರು ಎಡೆಗಳಲ್ಲಿ ಎರಡು ಅಥವಾ ಹೆಚ್ಚು ತಿಳಿಯದೆ ಹೋದರೆ ಆ ಪಾದಗಳು ಅಪಾಯಕ್ಕೆ ಗುರಿಯಾಗಿವೆಯೆಂದು ಭಾವಿಸಿ ವೈದ್ಯರಿಗೆ ತೋರಿಸತಕ್ಕದ್ದು. ಎಲ್ಲವೂ ತಿಳಿದರೂ ಸಕ್ಕರೆ ಕಾಯಿಲೆಯುಳ್ಳವರು ವರ್ಷಕ್ಕೊಮ್ಮೆಯಾದರೂ ವೈದ್ಯರಿಂದ ಪಾದಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯ.

ಸ್ಪರ್ಶ ಕುಂದಿದವರು ಮನೆಯೊಳಗೂ ಬರಿಗಾಲಿನಲ್ಲಿ ನಡೆಯಬಾರದೆಂದು ವೈದ್ಯರು ಹೇಳುವರು. ಇಲ್ಲಿಯೇ ನಮ್ಮ ಮನೆಗಳಲ್ಲಿ ಆಕ್ಷೇಪ ಏಳುವುದು: ದೇವರ ಮನೆಯಿರುವ ಮನೆಯಲ್ಲಿ, ಅಡಿಗೆಮನೆಯಲ್ಲಿ, ಚಪ್ಪಲಿಯೆ? ಆಕ್ಷೇಪಿಸುವವರು ಎರಡು ಸಂಗತಿಗಳನ್ನು ನೆನೆಯಬೇಕು. ಪಾದತ್ರಧಾರಣವು ಪಾದಗಳ ಬಾಧೆಯನ್ನು ಪರಿಹರಿಸತಕ್ಕದ್ದು, ಬಲದಾಯಕವಾದುದು ಎಂದು ಚರಕಸಂಹಿತೆಯೇ ಹೇಳಿದೆ. ಮಡಿವಂತರಾದ ಹಿರಿಯರೂ ಮನೆಯೊಳಗೆ ಮರದ ಹಾವುಗೆಯನ್ನು ಮೆಟ್ಟುತ್ತಿದ್ದರಷ್ಟೆ. ಬೀದಿಯ ಕೊಳೆಯು ಒಳಗೆ ಬರಬಾರದೆಂಬುದು ಆಚಾರದ ತಿರುಳು. ಕಾಲು ಬರಿದಾಗಿಯೇ ಇರಬೇಕೆಂಬುದಲ್ಲ. ಹೊಸಿಲಿನಾಚೆಗೆ ಎಂದೂ ಹೋಗದ, ಆಗಾಗ ತೊಳೆದ ಒಂದು ಜೊತೆ ಮೆತ್ತನೆಯ ಚಪ್ಪಲಿಯನ್ನು ಒಳಗಿನ ಬಳಕೆಗೆಂದೇ ಇರಿಸಿದರೆ ಆಚಾರವೂ ಉಳಿಯುವುದು, ಕಾಲೂ ಉಳಿಯುವುದು. ದೇವಸ್ಥಾನಕ್ಕೆ ಹೋಗುವುದಿದ್ದರೆ ವೈಶಾಖದ ಮಧ್ಯಾಹ್ನದ ಕಾದ ಕಲ್ಲನ್ನು ತಪ್ಪಿಸಿ ಬೆಳಗಿನ ತಂಪಿನಲ್ಲಿ ಹೋಗುವುದು ಲೇಸು.

ಪಾದಾಭ್ಯಂಗವನ್ನೂ ಶಾಸ್ತ್ರವು ಹೊಗಳಿದೆ. ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆಂದು ಅಷ್ಟಾಂಗಹೃದಯದಲ್ಲಿ ಉಕ್ತವಾಗಿದೆ. ಒಣ ಚರ್ಮ ಬಿರಿಯದಂತೆ ಕಾಪಾಡಲು ಇದು ಈಗಲೂ ಒಳ್ಳೆಯ ಕ್ರಮವೇ. ಆದರೆ ಎರಡು ನಿಯಮಗಳು ಬೇಕು. ಬೆರಳ ಸಂದುಗಳಿಗೆ ಎಣ್ಣೆ ತಾಕಿಸಬಾರದು. ಅಲ್ಲಿ ಜಿಡ್ಡು ಒದ್ದೆಗಳು ನಿಂತರೆ ಬೂಷ್ಟು ಹಿಡಿದು ಹುಣ್ಣಾಗುವುದು. ಎಣ್ಣೆಗಾಲಿನಲ್ಲಿ ಟೈಲ್ಸಿನ ಮೇಲೆ ನಡೆಯಲೇಬಾರದು; ಪಾದಕ್ಕೆ ಮಾಡಿದ ಉಪಚಾರದಿಂದ ಸೊಂಟದ ಮೂಳೆ ಮುರಿದೀತು. ಮಲಗುವಾಗ ಹಾಸಿಗೆಯ ಮೇಲೆ ಕುಳಿತು ಹಚ್ಚಿ, ಬಟ್ಟೆಯಿಂದ ಒರಸುವುದು ಉತ್ತಮ.

ಉಗುರನ್ನು ಸ್ನಾನವಾದ ಮೇಲೆ, ಮೆದುವಾಗಿರುವಾಗ, ನೇರವಾಗಿ ಕತ್ತರಿಸಬೇಕು. ಅಂಚುಗಳನ್ನು ಆಳಕ್ಕೆ ಕೊರೆದರೆ ಉಗುರು ಮಾಂಸದೊಳಕ್ಕೆ ಬೆಳೆಯುವುದು. ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದೂ, ಅಂಗಡಿಯಲ್ಲಿ ದೊರೆಯುವ ಆಣಿಪಟ್ಟಿ ಅಂಟಿಸುವುದೂ ಸಕ್ಕರೆ ಕಾಯಿಲೆಯವರಿಗೆ ಸಲ್ಲದು; ಆ ಪಟ್ಟಿಯಲ್ಲಿರುವ ಆಮ್ಲವು ಒಳ್ಳೆಯ ಚರ್ಮವನ್ನೂ ಸುಡುವುದು. ಕಾಲಿಗೆ ಬಿಸಿನೀರು ಹಾಕಿಕೊಳ್ಳುವ ಮುನ್ನ ಮೊಣಕೈಯಿಂದ ಶಾಖವನ್ನು ನೋಡತಕ್ಕದ್ದು, ಪಾದದಿಂದಲ್ಲ. ಹೊಸ ಜೋಡನ್ನು ಸಂಜೆಯ ಹೊತ್ತು ಕೊಳ್ಳಬೇಕು. ಆಗ ಪಾದವು ತುಸು ಊದಿರುವುದು. ನಿಂತುಕೊಂಡು, ದೊಡ್ಡದಾಗಿರುವ ಪಾದಕ್ಕೆ ಅಳತೆ ನೋಡಿ, ಉದ್ದನೆಯ ಬೆರಳಿನ ಮುಂದೆ ಅರ್ಧ ಅಂಗುಲದಷ್ಟು ಎಡೆಯಿರುವಂತೆ ಆರಿಸಬೇಕು. ಮೆಟ್ಟುವ ಮುನ್ನ ಪ್ರತಿದಿನವೂ ಕೊಡವಿ, ಒಳಗೆ ಕೈಯಾಡಿಸಿ ನೋಡುವುದು ಒಳ್ಳೆಯ ಅಭ್ಯಾಸ.

ಕೆಲವು ಚಿಹ್ನೆಗಳಿಗೆ ಮನೆಮದ್ದು ಕೂಡದು. ಎರಡು ಪಾದಗಳೂ ಊದುತ್ತಿದ್ದರೆ ಹೃದಯ, ಮೂತ್ರಪಿಂಡ ಅಥವಾ ತೆಗೆದುಕೊಳ್ಳುತ್ತಿರುವ ಔಷಧದ ಕಡೆಗೆ ವೈದ್ಯರು ನೋಡಬೇಕಾಗುವುದು. ಒಂದೇ ಕಾಲು ಥಟ್ಟನೆ ಊದಿ ನೋಯುವುದು ರಕ್ತ ಹೆಪ್ಪುಗಟ್ಟಿದ ಗುರುತಾಗಬಹುದು. ಸ್ವಲ್ಪ ನಡೆದೊಡನೆ ಮೀನಖಂಡ ಹಿಡಿದು, ನಿಂತರೆ ಬಿಡುವುದು ರಕ್ತಸಂಚಾರದ ಕೊರತೆಯನ್ನು ಸೂಚಿಸುವುದು. ನೋವಿಲ್ಲದಿದ್ದರೂ ಪಾದ ಕೆಂಪಾಗಿ ಬಿಸಿಯಾಗಿ ಊದುವುದು, ಬೆರಳು ಕಪ್ಪಗಾಗುವುದು, ಕೀವು, ದುರ್ಗಂಧ, ಹುಣ್ಣಿನೊಡನೆ ಜ್ವರ, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ನಾಲ್ಕು ದಿನ ಅರಿಸಿನ ಹಚ್ಚಿ ನೋಡೋಣವೆಂಬ ಮಾತು ಎಷ್ಟೋ ಕಾಲುಗಳನ್ನು ತೆಗೆದಿದೆ.

ಎಲ್ಲಕ್ಕಿಂತ ಕಠಿನವಾದುದು ಒಂದುಂಟು. ಹಿರಿಯರು ಹೇಳುವುದಿಲ್ಲ. ಮಗ ರಾತ್ರಿ ಒಂಬತ್ತಕ್ಕೆ ಬರುವನು, ಸೊಸೆಯೂ ದುಡಿದು ದಣಿದಿರುವಳು, ಈ ಸಣ್ಣ ಗಾಯದ ಮಾತೆತ್ತಿ ಅವರಿಗೇಕೆ ತೊಂದರೆ ಎಂದು ಸುಮ್ಮನಿರುವರು. ಆ ಸಂಕೋಚಕ್ಕೆ ಕಾರಣ ವಾತ್ಸಲ್ಯವೇ ಆದರೂ ಫಲ ಮಾತ್ರ ಕ್ರೂರವಾದುದು. ಕಾಲು ಕಳೆದುಕೊಂಡ ತಂದೆಯ ಸೇವೆಗಿಂತ, ಕಾಲಿನ ಗಾಯವನ್ನು ಇಂದೇ ಹೇಳಿದ ತಂದೆಯ ಸೇವೆಯು ಮಕ್ಕಳಿಗೆ ನೂರುಪಾಲು ಹಗುರ. ಬೆನ್ನು ಬಗ್ಗದವರು, ಕಣ್ಣು ಮಂದವಾದವರು ತಮ್ಮ ಅಂಗಾಲನ್ನು ತಾವು ನೋಡಿಕೊಳ್ಳಲಾರರು; ನೆಲದ ಮೇಲಿಟ್ಟ ಕನ್ನಡಿಯೂ ಅವರಿಗೆ ಪೂರ್ತಿಯಾಗಿ ನೆರವಾಗದು. ಆದುದರಿಂದ ಕಿರಿಯರೇ ಕೇಳಬೇಕು. ರಾತ್ರಿ ಊಟವಾದ ಮೇಲೆ ದೀಪದ ಬೆಳಕಿನಲ್ಲಿ ಅಂಗಾಲು, ಹಿಮ್ಮಡಿ, ಬೆರಳ ಸಂದುಗಳನ್ನು ನೋಡಲು ಎರಡು ನಿಮಿಷ ಸಾಕು. ಅಕ್ಷರ ಬಲ್ಲ ಮೊಮ್ಮಗನೂ ಈ ಕೆಲಸವನ್ನು ಮಾಡಬಲ್ಲನು. ಯುಗಾದಿಯಂದು ಪಾದಮುಟ್ಟಿ ನಮಸ್ಕರಿಸುವ ಮಕ್ಕಳು ಉಳಿದ ದಿನಗಳಲ್ಲಿಯೂ ಆ ಪಾದಗಳನ್ನು ಒಮ್ಮೆ ಕಣ್ಣಾರೆ ನೋಡುವ ಪದ್ಧತಿಯನ್ನಿಟ್ಟುಕೊಂಡರೆ, ನಮಸ್ಕಾರವು ಸಾರ್ಥಕವಾಗುವುದು. ಹಿರಿಯರು ತಮ್ಮ ಕಾಲಮೇಲೆ ತಾವು ನಿಂತು ಅವರನ್ನು ಬಹುಕಾಲ ಹರಸುವರು.