ಗಾಳಿಗೆ ದಾರಿ ಬಿಡುವ ವಿದ್ಯೆ

ಕ್ಷಯರೋಗಿ ಕೆಮ್ಮಿದಾಗ ಹಾರುವ ದೊಡ್ಡ ಹನಿಗಳು ನೆಲಕ್ಕೆ ಬೀಳುತ್ತವೆ. ತೀರಾ ಸಣ್ಣವು ಮಾತ್ರ ನೀರಾರಿ, ರೋಗಾಣುವನ್ನು ಹೊತ್ತು ಗಂಟೆಗಟ್ಟಲೆ ತೇಲುತ್ತಿರುತ್ತವೆ. ಕೆಮ್ಮಿದವರು ಎದ್ದು ಹೋದ ಮೇಲೂ ಕೆಮ್ಮು ಕೋಣೆಯಲ್ಲೇ ಉಳಿದಿರುತ್ತದೆ. ಎಚ್‌ಐವಿಯಿಂದ ಸೊರಗಿದ ದೇಹಕ್ಕೆ ಅಷ್ಟು ಸಾಕು. ದಕ್ಷಿಣ ಆಫ್ರಿಕಾದ ಟುಗೇಲಾ ಫೆರಿಯ ಆಸ್ಪತ್ರೆಯಲ್ಲಿ 2005-06ರಲ್ಲಿ 53 ಮಂದಿಗೆ ಬಹುತೇಕ ಯಾವ ಔಷಧಕ್ಕೂ ಬಗ್ಗದ ಕ್ಷಯ ಕಂಡುಬಂತು. 52 ಮಂದಿ ತೀರಿಕೊಂಡರು. ಎಚ್‌ಐವಿ ಪರೀಕ್ಷೆಯಾಗಿದ್ದ 44 ಮಂದಿಯಲ್ಲೂ ಅದು ಇತ್ತು. ಹೆಚ್ಚಿನವರು ಹಿಂದಿನ ಎರಡು ವರ್ಷಗಳಲ್ಲಿ ಆಸ್ಪತ್ರೆ ಸೇರಿ ಬಂದವರೇ.

ಹಾಗಾದರೆ ವಾರ್ಡಿನ ಗಾಳಿಯನ್ನು ತೊಳೆಯುವುದು ಹೇಗೆ? ಈ ಕೆಲಸವನ್ನು ಅತ್ಯಂತ ಶ್ರದ್ಧೆಯಿಂದ ಮಾಡಿ ತೋರಿಸಿದವರು ಪೆರುವಿನ ಲಿಮಾ ನಗರದಲ್ಲಿ ರಾಡ್ ಎಸ್ಕೋಂಬ್ ಮತ್ತು ಅವರ ಸಂಗಡಿಗರು. ಎಂಟು ಆಸ್ಪತ್ರೆಗಳ ಕೋಣೆ ಕೋಣೆಗೂ ಹೋದರು. ಕಿಟಕಿ ಬಾಗಿಲು ಮುಚ್ಚಿ, ಇಂಗಾಲದ ಡೈಆಕ್ಸೈಡ್ ಬಿಟ್ಟು, ಫ್ಯಾನ್ ಹಾಕಿ ಕಲಸಿದರು. ಆಮೇಲೆ ಎಲ್ಲವನ್ನೂ ತೆರೆದು, ಆ ಅನಿಲ ಎಷ್ಟು ಬೇಗ ಇಳಿಯುತ್ತದೆಂದು ಮೀಟರ್ ಹಿಡಿದು ನೋಡಿದರು. 2007ರಲ್ಲಿ ಅವರು ಪ್ರಕಟಿಸಿದ ಲೆಕ್ಕ ನೋಡಿ: 1950ಕ್ಕೆ ಮೊದಲು ಕಟ್ಟಿದ, ಎತ್ತರದ ಸೂರು, ದೊಡ್ಡ ಕಿಟಕಿಗಳ ವಾರ್ಡುಗಳಲ್ಲಿ ಗಂಟೆಗೆ ಸುಮಾರು 40 ಸಲ ಗಾಳಿ ಬದಲಾಗುತ್ತಿತ್ತು. ಹೊಸ ಕಟ್ಟಡಗಳಲ್ಲಿ 17. ಯಂತ್ರದಿಂದ ಗಾಳಿಯಾಡಿಸುವ ಕೋಣೆಗಳಿಗೆ ಇಟ್ಟ ಗುರಿ 12. ಹಳೆಯ ಕಾಲದ ಮೇಸ್ತ್ರಿಗಳು ಗೆದ್ದಿದ್ದರು ಎಂದೇ ನನಗನ್ನಿಸುತ್ತದೆ.

ಆದರೆ ಚಳಿಯ ರಾತ್ರಿ ಯಾವ ರೋಗಿ ತಾನೇ ಕಿಟಕಿ ತೆರೆಯಬಿಟ್ಟಾನು? ಇದಕ್ಕೂ ಆ ತಂಡ ದಾರಿ ಹುಡುಕಿತು. ಎಚ್‌ಐವಿ ಮತ್ತು ಕ್ಷಯ ಎರಡೂ ಇದ್ದ ರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ತಾರಸಿಗೆ ಎಳೆದು, ಅಲ್ಲಿದ್ದ ಗಿನಿ ಇಲಿಗಳಿಗೆ ಉಸಿರಾಡಲು ಬಿಟ್ಟರು. ವಾರ್ಡಿನ ಸೂರಿನ ಹತ್ತಿರ ರೋಗಾಣುವನ್ನು ಕೊಲ್ಲುವ ನೇರಳಾತೀತ ದೀಪ. ಬೆಳಕು ಕೆಳಗಿರುವವರ ಕಣ್ಣಿಗೆ ಬೀಳದಂತೆ ಅದಕ್ಕೆ ಮರೆ. ಮೇಲಿನ ಕೆಳಗಿನ ಗಾಳಿ ಬೆರೆಯಲು ಫ್ಯಾನು. ದಿನ ಬಿಟ್ಟು ದಿನ ದೀಪ ಹೊತ್ತಿಸಿ, ಆರಿಸಿ, 535 ದಿನ ಕಾದರು. ದೀಪ ಆರಿದ ದಿನಗಳ ಗಾಳಿ ಕುಡಿದ ಇಲಿಗಳಲ್ಲಿ ಶೇ. 35ಕ್ಕೆ ಸೋಂಕು ತಗುಲಿತು. ಹೊತ್ತಿದ ದಿನಗಳಲ್ಲಿ ಶೇ. 9.5. ಇಂಥ ತಾಳ್ಮೆಯ ಮುಂದೆ ನಾನು ತಲೆಬಾಗುತ್ತೇನೆ.

ಗಾಳಿಗಿಂತ ಮೊದಲು ನಡೆಯಬೇಕಾದ ಕೆಲಸ ಬಾಗಿಲಲ್ಲಿದೆ. ಚೀಟಿ ಬರೆಯುವವರು ಬಂದವರನ್ನೆಲ್ಲ ಕೇಳಬೇಕು: "ಕೆಮ್ಮು ಇದೆಯಾ? ಎಷ್ಟು ದಿನದಿಂದ?" ಇದೆ ಎಂದವರಿಗೆ ಮಾಸ್ಕ್ ಕೊಟ್ಟು ಬೇರೆ ಕೂರಿಸಿ, ಸಾಲಿನಲ್ಲಿ ಕಾಯಿಸದೆ ಮೊದಲೇ ನೋಡಿ ಕಳಿಸಬೇಕು. ಕಫವನ್ನು ಬಯಲಿನಲ್ಲೇ ಉಗುಳಿಸಿ ತೆಗೆದುಕೊಳ್ಳಬೇಕು, ಶೌಚಾಲಯದಲ್ಲಲ್ಲ. ಎಚ್‌ಐವಿ ಇದ್ದವರ ಕ್ಷಯ ಸೂಕ್ಷ್ಮದರ್ಶಕಕ್ಕೆ ಎಷ್ಟೋ ಸಲ ಸಿಗುವುದಿಲ್ಲ. ಅದಕ್ಕೇ ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನ್ಯಾಟ್, ಟ್ರೂನ್ಯಾಟ್ ಪರೀಕ್ಷೆಗಳು ಬೇಕು. ಸರಿಯಾದ ಔಷಧ ಶುರುವಾದರೆ ಕೆಲವೇ ದಿನಗಳಲ್ಲಿ ಹರಡುವಿಕೆ ಬಹಳಷ್ಟು ತಗ್ಗುತ್ತದೆ. ನರ್ಸ್ ಕುರ್ಚಿಯ ಜಾಗವೂ ಲೆಕ್ಕಕ್ಕೆ ಬರುತ್ತದೆ: ಗಾಳಿ ಮೊದಲು ಅವರನ್ನು ಮುಟ್ಟಿ, ಆಮೇಲೆ ರೋಗಿಯನ್ನು ದಾಟಿ ಹೊರಗೆ ಹೋಗಬೇಕು.

ನಮ್ಮ ಊರುಗಳಲ್ಲೂ ಎತ್ತರದ ಸೂರಿನ ಹಳೆಯ ಆಸ್ಪತ್ರೆಗಳು ಇನ್ನೂ ನಿಂತಿವೆ. ಅವುಗಳಿಗೆ ಫಾಲ್ಸ್ ಸೀಲಿಂಗ್ ಹಾಕಿಸಿ, ಕಿಟಕಿ ಮುಚ್ಚಿ ಏಸಿ ಕೂರಿಸಲು ಹೊರಟಿರುವ ಎಂಜಿನಿಯರುಗಳಲ್ಲಿ ಒಂದು ಬಿನ್ನಹ: ಮೊದಲು ಒಂದು ದಿನ ಆ ವಾರ್ಡಿನಲ್ಲಿ ಕುಳಿತು, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ನೋಡಿ.